ಮೂರು ಬೆರಳಿನ ಬಾಯಿ

ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ರೇಡಿಯೊ ಎನ್ನುತ್ತಿದ್ದರು. ಅಂಗಡಿಯ ಬಾಗಿಲು ತೆರೆದ ಗಳಿಗೆಯಿಂದ ಹಾಕುವ ತನಕ ಅವನ ಬಾಯಿ ಮುಚ್ಚಿದ್ದನ್ನು ಕಂಡವರಿರಲಿಲ್ಲ. ಪುಸ್ತಕ ಕಟ್ಟುವುದು ಅವನ ಕೆಲಸ. ವಕೀಲರ ದಪ್ಪ ದಪ್ಪ ಸಂಪುಟಗಳು, ಕಾಲೇಜಿನವರ ಪ್ರಬಂಧಗಳು, ಯಾರೋ ಓದಿ ಓದಿ ಬೆನ್ನು ಮುರಿದ ಕಾದಂಬರಿಗಳು. ಹೆಂಡತಿ ಮೂಲೆಯಲ್ಲಿ ಕುಳಿತು ಮಡಚಿದ ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುವಳು. ಅವನು ಬೆನ್ನಿಗೆ ಅಂಟು ಬಳಿದು, ರಟ್ಟು ಹಾಕಿ, ಪುಸ್ತಕ ಒತ್ತಿಡುವ ಪ್ರೆಸ್ಸಿನ ತಿರುಪು ಬಿಗಿಯುವನು. ಬಿಗಿಯುತ್ತಲೇ ಕಣ್ಣಿಗೆ ಬಿದ್ದ ಪುಟವನ್ನು ಗಟ್ಟಿಯಾಗಿ ಓದುವನು. ಜಮೀನಿನ ತಕರಾರಿನ ಒಣ ತೀರ್ಪನ್ನು ಕೂಡ ವಾದಿಗೊಂದು ದನಿ, ಪ್ರತಿವಾದಿಗೊಂದು ದನಿ, ನ್ಯಾಯಾಧೀಶರಿಗೆ ಮೂಗು ಕಟ್ಟಿದ ದನಿ ಕೊಟ್ಟು ಓದಿದನೆಂದರೆ ಅವಳು ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳಬೇಕು. "ಕೈ ಯಾಕೆ ನಿಂತಿತು? ಕೆಲಸ ನೋಡು" ಎಂದು ಅವನೇ ಗದರುವನು. ನಗಿಸಿದ ಮಹಾಶಯ ಅವನೇ ಅನ್ನುವುದು ಆಗ ಅವನಿಗೆ ಮರೆತುಹೋಗಿರುತ್ತಿತ್ತು.

ಅಂಗಡಿಗೊಂದು ಕಾನೂನಿತ್ತು. ಪ್ರೆಸ್ಸಿನಡಿ ಇಟ್ಟದ್ದನ್ನು ಅಂಟು ಹಿಡಿಯುವ ತನಕ ಯಾರೂ ಮುಟ್ಟಕೂಡದು, ಇಣುಕಿಯೂ ನೋಡಕೂಡದು. ಹಸಿ ಅಂಟಿನ ಪುಸ್ತಕವನ್ನು ತೆರೆದರೆ ಬೆನ್ನು ಸೀಳುತ್ತದೆ, ಆಮೇಲೆ ಯಾರಪ್ಪ ಬಂದರೂ ಅದನ್ನು ಕೂಡಿಸಲಾಗದು. ವಕೀಲರ ಗುಮಾಸ್ತ ಬಂದು, "ಸಾಹೇಬ್ರು ಕಾಯ್ತಿದಾರೆ, ಇವತ್ತೇ ಬೇಕಂತೆ" ಎಂದು ಗೋಗರೆದರೆ, "ಅಂಟಿಗೆ ನಿಮ್ಮ ಸಾಹೇಬ್ರ ಪರಿಚಯ ಇಲ್ಲ ಅಂತ ಹೇಳಿ" ಎಂದು ಕಳಿಸಿಬಿಡುವನು. ಪ್ರೆಸ್ಸಿನಿಂದ ಯಾವಾಗ ಹೊರತೆಗೆಯಬೇಕು ಅನ್ನುವುದು ಅವನಿಗೊಬ್ಬನಿಗೇ ಗೊತ್ತು. ತೆಗೆದ ಮೇಲೆ ಪುಸ್ತಕವನ್ನು ಸಲೀಸಾಗಿ ತೆರೆಯುವಂತೆ ಪಳಗಿಸುವುದೂ ಅವನೇ. ಆ ಕೊನೆಯ ಕೆಲಸಕ್ಕೆ ಹೆಂಡತಿಯನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ದಾರವನ್ನು ಪಕ್ಕದ ಹಲ್ಲಿನಿಂದ ಕಚ್ಚಿ ತುಂಡರಿಸುವ ಚಾಳಿ ಅವನದು. ಕತ್ತರಿ ಕೈಗೆಟಕುವಲ್ಲೇ ಇದ್ದರೂ ಹಲ್ಲೇ ಆಗಬೇಕು. ಆ ಹಲ್ಲು ಒಂದು ದಿನ ಚೂರು ಮುರಿದು ಮೊನಚಾಯಿತು, ಮಾತಾಡಿದಾಗಲೆಲ್ಲ ಕೆನ್ನೆಯ ಒಳಗೆ ಉಜ್ಜತೊಡಗಿತು. ಮಾತಾಡದೆ ಇರುವ ಪೈಕಿಯವನೇ ಅವನು? ಅಲ್ಲಿ ಬಿಳಿ ಮಚ್ಚೆ ಎದ್ದಿತು, ಗಟ್ಟಿಯಾಯಿತು, ಹುಣ್ಣಾಯಿತು. ಆಸ್ಪತ್ರೆಯವರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರದಲ್ಲಿದ್ದ ಕಾಯಿಲೆಯ ಹೆಸರು ಹೇಳಲು ಮನೆಯಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ಹಲ್ಲಿನಿಂದಲೇ ಬಂತೋ ಎಂದು ಹೆಂಡತಿ ಕೇಳಿದ್ದಕ್ಕೆ ಡಾಕ್ಟರಮ್ಮ, "ಹಾಗಂತ ಖಚಿತವಾಗಿ ಹೇಳೋಕಾಗಲ್ಲ" ಎಂದಷ್ಟೇ ಅಂದರು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದೇ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಮೊಗಸಾಲೆಯ ಬೆಂಚಿನ ಬಳಿ ನಿಲ್ಲಿಸಿಕೊಂಡು ಹೇಳಿದರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ರಜೆ ಹಾಕಿ ಬಂದಿದ್ದಳು.

"ಕೆನ್ನೆಯ ಒಳಪದರ ಅಗಲವಾಗೇ ತೆಗೆದಿದೀನಿ. ಅಂಚುಗಳನ್ನ ಎಷ್ಟು ಆಗತ್ತೋ ಅಷ್ಟು ಹೊಲಿದು, ಉಳಿದದ್ದು ತಾನೇ ಮಾಯಲಿ ಅಂತ ಬಿಟ್ಟಿದೀನಿ. ಬಾಯೊಳಗಿನ ಗಾಯ ಮೈ ಮೇಲಿನ ಗಾಯಕ್ಕಿಂತ ಬೇಗ ಮಾಯತ್ತೆ. ಅದರ ಚಿಂತೆ ನನಗಿಲ್ಲ."

"ಮತ್ತೆ ಯಾವುದರ ಚಿಂತೆ ಡಾಕ್ಟ್ರೇ?" ಎಂದಳು ಹೆಂಡತಿ.

"ಹೇಗೆ ಮಾಯತ್ತೆ ಅನ್ನೋದರದ್ದು. ಮಾಯುವಾಗ ಅದು ಸುತ್ತಮುತ್ತಲಿನದನ್ನೆಲ್ಲ ತನ್ನ ಕಡೆ ಎಳ್ಕೊಳ್ಳತ್ತೆ. ದಿನಾ ಬಾಯಿ ಅಗಲಿಸ್ತಾ ಇದ್ರೆ ಅಗಲವಾಗೇ ಮಾಯತ್ತೆ. ಮುಚ್ಚಿಟ್ರೆ ಹಾಗೇ ಬಿಗ್ಕೊಂಡು ಮಾಯತ್ತೆ." ಅವರು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ನಿಲ್ಲಿಸಿ ತೋರಿಸಿದರು. "ಅವರ ಮೂರು ಬೆರಳು ಅವರ ಬಾಯಲ್ಲಿ ಹೀಗೆ ಹಿಡೀಬೇಕು. ಕಾಯಿಲೆ ಮತ್ತೆ ಬಂದಿದ್ಯಾ ಅಂತ ನಾನು ನೋಡ್ಬೇಕಾದ್ರೆ ಬಾಯಿ ತೆರೀಬೇಕಲ್ವಾ? ಇದೊಂದನ್ನ ಮಾತ್ರ ಬಿಡಬೇಡಿ."

ದಾದಿ ತೆಳ್ಳನೆಯ ಮರದ ಪಟ್ಟಿಗಳ ಒಂದು ಕಟ್ಟು ಕೊಟ್ಟಳು, ಐಸ್‌ಕ್ರೀಮ್ ಕಡ್ಡಿಯಂಥವು. ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಬೇಕು, ನೋಯುವ ತನಕ ಮಧ್ಯೆ ಇನ್ನೊಂದು ತೂರಿಸಬೇಕು, ಸ್ವಲ್ಪ ಹೊತ್ತು ತಡೆದುಕೊಂಡು ತೆಗೆಯಬೇಕು. ಹೊಲಿಗೆಯ ದಾರ ಕರಗಿ ತಾನಾಗಿಯೇ ಉದುರುತ್ತದೆ, ಹೆದರಬೇಡಿ ಎಂದೂ ಹೇಳಿದಳು. ಮಗಳು ಎಲ್ಲಕ್ಕೂ ತಲೆಯಾಡಿಸಿದಳು. ಹೆಂಡತಿಯ ಗಮನ ಆಗ ಗಂಡನ ಊದಿದ ಕೆನ್ನೆಯ ಮೇಲಿತ್ತು.

ಮನೆಗೆ ಬಂದ ಮೇಲೆ ಅವಳು ಟಾರ್ಚು ಹಿಡಿದು ಮೊದಲ ಸಲ ಒಳಗೆ ನೋಡಿದಳು. ಗಾಯದ ತುಂಬ ಹಳದಿ ಬೆರೆತ ಬಿಳಿಯ ಪೊರೆ. ಕೀವಾಗಿದೆ, ಕೊಳೆಯುತ್ತಿದೆ, ಮುಗಿಯಿತು ಕಥೆ ಎಂದುಕೊಂಡಳು. ಮಗಳು ವಾರ್ಡಿಗೆ ಫೋನು ಮಾಡಿದಳು.

"ಕೀವಲ್ಲಮ್ಮ ಅದು" ಎಂದಳು ಆ ಕಡೆಯಿಂದ ದಾದಿ. "ಬಾಯಿ ತನ್ನ ಗಾಯಕ್ಕೆ ತಾನೇ ಹಾಕ್ಕೊಂಡಿರೋ ಬ್ಯಾಂಡೇಜು. ಒರೆಸೋಕೆ ಹೋಗ್ಬೇಡಿ. ಅದರಡಿ ಹೊಸದು ಬರ್ತಿದೆ. ಉಪ್ಪುನೀರಲ್ಲಿ ಮುಕ್ಕಳಿಸ್ಲಿ, ಆ ಮರದ ಪಟ್ಟಿ ಮಾತ್ರ ತಪ್ಪಿಸ್ಬೇಡಿ."

ಅದರಡಿ ಹೊಸದು ಬರುತ್ತಿದೆ ಅನ್ನುವ ಮಾತು ಹೆಂಡತಿಯ ಮನಸ್ಸಿನಲ್ಲಿ ನಾಟಿ ಕೂತಿತು. ಉಳಿದದ್ದು ಅಷ್ಟಾಗಿ ಕೂರಲಿಲ್ಲ.

ಮಗಳು ತಂದೆಯನ್ನು ಕಿಟಕಿಯ ಬಳಿ ಕೂರಿಸಿ ಪಟ್ಟಿ ಇಡಲು ಶುರುಮಾಡಿದಳು. ಅವನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದ. ಮತ್ತೊಂದು ಪಟ್ಟಿ ತೂರಿಸಿದಾಗ ಕಣ್ಣಿನಿಂದ ನೀರು ಇಳಿಯಿತು, ತುಟಿಯ ಮೂಲೆಯಿಂದ ರಕ್ತ ಇಳಿಯಿತು. ಪಟ್ಟಿ ಹೊರತೆಗೆದಾಗ ಅದಕ್ಕಂಟಿಕೊಂಡು ಹೊಲಿಗೆಯ ಒಂದು ತುಂಡು ದಾರ ಹೊರಬಂತು.

ಹೆಂಡತಿ ಆ ದಾರವನ್ನು ನೋಡಿದಳು. ಬದುಕಿನುದ್ದಕ್ಕೂ ಹೊಲಿದವಳು ಅವಳು. ದಾರ ಬಿಟ್ಟುಕೊಂಡಿತೆಂದರೆ ಹಾಳೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ ಅನ್ನುವುದು ಅವಳಿಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ.

"ಸಾಕು ನಿಲ್ಸು! ಹೊಲಿಗೆ ಬಿಚ್ತಿದೀಯ ನೀನು!"

"ಅಮ್ಮಾ, ಅದು ತಾನಾಗೇ ಉದುರತ್ತೆ ಅಂತ ಅವರೇ ಹೇಳಿದ್ರಲ್ಲ."

"ದಾರದ ವಿಷಯ ನನಗೆ ಹೇಳ್ಕೊಡೋಕೆ ಬರಬೇಡ. ಹಸಿ ಇರುವಾಗ ಎಳೆದ್ರೆ ನಿಲ್ಲತ್ತಾ? ಮೊದಲು ಹಿಡ್ಕೊಳ್ಲಿ. ಆಮೇಲೆ ಎಷ್ಟು ಬೇಕಾದ್ರೂ ತೆಗೆಸೋಣ."

"ಆಮೇಲೆ ಆಗಲ್ಲ ಅಂತಾನೇ ಅವರು ಹೇಳಿದ್ದು. ಅಪ್ಪಾ, ನೀವಾದ್ರೂ ಹೇಳಿ."

ಅಪ್ಪನಿಗೆ ಮಾತು ಆಡಲು ಆಗುತ್ತಿರಲಿಲ್ಲ. ಅವನು ಮಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಬಲಗೈ ಎತ್ತಿ, ಮುಷ್ಟಿ ಹಿಡಿದು, ಗಾಳಿಯಲ್ಲಿ ನಿಧಾನವಾಗಿ ತಿರುಗಿಸಿದ. ಪ್ರೆಸ್ಸಿನ ತಿರುಪು ಬಿಗಿಯುವ ಕೈಸನ್ನೆ ಅದು. ಹೆಂಡತಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮಗಳ ಕೈಯಿಂದ ಪಟ್ಟಿಗಳ ಕಟ್ಟನ್ನು ಇಸಿದುಕೊಂಡು ಕಪಾಟಿನ ಮೇಲ್ತಟ್ಟಿನಲ್ಲಿ ಇಟ್ಟಳು.

ಅಂದಿನಿಂದ ಅವನು ಪ್ರೆಸ್ಸಿನಡಿ ಇಟ್ಟ ಪುಸ್ತಕವೇ ಆಗಿಹೋದ. ಗಲ್ಲದಡಿಯಿಂದ ನೆತ್ತಿಗೆ ಮೆತ್ತನೆಯ ಬಟ್ಟೆ ಕಟ್ಟಿದಳು. ಹಾಲು, ಗಂಜಿ ಎಲ್ಲ ಕೊಳವೆಯಿಂದ. ಮಾತಿಲ್ಲ, ನಗುವಿಲ್ಲ. ನಗು ಬರಿಸುವ ನೆಂಟರಿಗೆ ಬಾಗಿಲಿನಿಂದಲೇ ಕೈಮುಗಿದಳು. ಅಂಗಡಿಗೆ ಹೋದಾಗ ಓಣಿಯವರು, "ಏನಮ್ಮ, ರೇಡಿಯೊ ರಿಪೇರಿ ಆಯ್ತಾ?" ಎಂದು ಕೇಳಿದರೆ, "ಆಗ್ತಿದೆ, ಆಗ್ತಿದೆ" ಎನ್ನುವಳು. ನಡುವೆ ಆಸ್ಪತ್ರೆಯವರು ಬರಹೇಳಿದ್ದರು. ಬಸ್ಸಿನ ಕುಲುಕಾಟಕ್ಕೆ ಗಾಯ ಅಲುಗಬಾರದೆಂದು ಅವಳು ಅದನ್ನೂ ಮುಂದಕ್ಕೆ ಹಾಕಿದಳು. ಮಗಳು ಕೆಲಸಕ್ಕೆ ಹೊರಡುವ ಮುನ್ನ ಪಟ್ಟಿಗಳ ಕಟ್ಟನ್ನು ಕೆಳಗಿಳಿಸಿ ಅಪ್ಪನ ಲೋಟದ ಪಕ್ಕ ಇಟ್ಟು ಹೋಗುವಳು. ಸಂಜೆ ಬಂದು ನೋಡಿದರೆ ಕಟ್ಟು ಕಪಾಟಿನ ಮೇಲೆಯೇ ಇರುತ್ತಿತ್ತು. ಕೊನೆಗೆ ಅವಳೂ ಕೈಬಿಟ್ಟಳು.

ಮತ್ತೆ, ಗಾಯ ಮಾಯುತ್ತಿತ್ತಲ್ಲ! ಅದು ಕಣ್ಣೆದುರೇ ಇದ್ದ ಸತ್ಯ. ಹೆಂಡತಿ ಬೆಳಿಗ್ಗೆ ಚಮಚದ ಹಿಡಿಯಿಂದ ತುಟಿಯ ಮೂಲೆ ಸರಿಸಿ ಟಾರ್ಚು ಬಿಡುವಳು. ಬಿಳಿ ಪೊರೆ ದಿನೇ ದಿನೇ ತೆಳ್ಳಗಾಗಿ, ಅಂಚಿನಿಂದ ಗುಲಾಬಿ ಬಣ್ಣ ಒಳಕ್ಕೆ ಹರಿದು ಬಂತು. ಆಮೇಲೆ ಪೊರೆಯೇ ಇಲ್ಲ. ಎಳೆ ಮಗುವಿನ ಒಸಡಿನಂಥ ನುಣುಪು. ಕಲೆ ಕೂಡ ಕಾಣದು. "ಏನ್ ಚೆನ್ನಾಗಿ ಬಂದಿದೆ ರೀ!" ಎಂದು ಅವಳು ಹಿಗ್ಗುವಳು, ಅವನು ಕಣ್ಣಲ್ಲೇ ನಗುವನು. ಚಮಚದ ಹಿಡಿ ಮೊದಲಿನಷ್ಟು ಸಲೀಸಾಗಿ ಒಳಗೆ ಹೋಗುತ್ತಿಲ್ಲ ಅನ್ನುವುದು ಅವಳಿಗೆ ತಿಳಿಯದೆ ಇರಲಿಲ್ಲ. ಪಾಪ, ಹುಷಾರಾಗಿದ್ದಾರೆ, ಬಿಗಿ ಹಿಡಿದಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಈಗ ನೆನೆದರೆ ಪಾಪ ಅನ್ನಿಸುವುದು ಅವಳನ್ನು ಕಂಡೇ.

ಆಸ್ಪತ್ರೆಗೆ ಹೊರಟ ದಿನ ಅವಳು ಒಳ್ಳೆಯ ಸೀರೆ ಉಟ್ಟುಕೊಂಡಿದ್ದಳು, ಬಹುಮಾನ ತೆಗೆದುಕೊಳ್ಳಲು ಹೋಗುವವಳಂತೆ. ಡಾಕ್ಟರಮ್ಮ ತುಟಿ ಸರಿಸಿ ದೀಪ ಬಿಟ್ಟು ನೋಡಿದರು.

"ಗಾಯ ತುಂಬಾ ಚೆನ್ನಾಗಿ ಮಾಯ್ದಿದೆ" ಎಂದರು.

ಹೆಂಡತಿ ಮಗಳ ಕಡೆ ತಿರುಗಿ, ನೋಡಿದೆಯಾ ಎಂಬಂತೆ ನಕ್ಕು ಹುಬ್ಬೇರಿಸಿದಳು.

"ಈಗ ಬಾಯಿ ತೆರೀರಿ."

ಅವನು ಕುಳಿತೇ ಇದ್ದ.

"ತೆರೀರಿ. ಇನ್ನೂ ದೊಡ್ಡದಾಗಿ."

"ತೆರ್ದಿದೀನಿ" ಎಂದ ಅವನು, ಹಲ್ಲುಗಳ ಹಿಂದಿನಿಂದ.

ಡಾಕ್ಟರಮ್ಮ ತಮ್ಮ ಕಿರುಬೆರಳನ್ನು ಅವನ ಹಲ್ಲುಗಳ ನಡುವೆ ಇಡಲು ನೋಡಿದರು. ಅದು ಹೋಗಲಿಲ್ಲ. ಕೆನ್ನೆಯ ಒಳಗೆ ಪಕ್ಕದಿಂದ ಬೆರಳು ತೂರಿಸಿ ಒತ್ತಿದರು, ಮೇಲಿನಿಂದ ಕೆಳಕ್ಕೆ ಸವರಿದರು. ಅವರ ಮುಖ ಗಂಟಿಕ್ಕಿತು. ಹೆಂಡತಿಯ ಮುಖದಲ್ಲಿ ಆ ನಗು ಇನ್ನೂ ಹಾಗೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಮೇಲೆ ನುಣ್ಣಗಿದೆ, ಅಡಿಯಲ್ಲಿ ಹಗ್ಗದ ಹಾಗೆ ಬಿಗ್ಕೊಂಡಿದೆ. ಪಟ್ಟಿ ಇಡ್ತಿದ್ರಾ?"

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಮಗಳು, "ಇಡ್ತಿದ್ವಿ ಡಾಕ್ಟ್ರೇ, ದಿನಾ" ಎಂದಳು. ನೆಲ ನೋಡುತ್ತ ಹೇಳಿದಳು. ಡಾಕ್ಟರಮ್ಮನಿಗೆ ಅದು ಸುಳ್ಳೆಂದು ತಿಳಿಯಿತು. ತಾಯಿಗೂ ತಿಳಿಯಿತು, ಯಾರಿಗಾಗಿ ಹೇಳಿದ್ದೆಂದೂ ತಿಳಿಯಿತು. ಮಗಳು ಆವತ್ತು ಎಲ್ಲರ ಮುಂದೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಮತ್ತೆ ಕೊಯ್ದು ಬಿಡಿಸೋಕಾಗಲ್ವಾ?" ಎಂದು ಕೊನೆಗೆ ಹೆಂಡತಿ ಕೇಳಿದಳು.

"ಕೊಯ್ಯಬಹುದು. ಕೊಯ್ದ ಜಾಗ ಮತ್ತೆ ಮಾಯಲೇಬೇಕು, ಮಾಯೋವಾಗ ಮತ್ತೆ ಎಳೆಯತ್ತೆ. ಇವರಲ್ಲಿ ಅದು ಎಷ್ಟು ಜೋರಾಗಿ ಎಳೆಯತ್ತೆ ಅಂತ ಈಗ ನೋಡಿದೀವಿ. ಸದ್ಯಕ್ಕೆ ಆ ಮರದ ಪಟ್ಟಿ ಇಟ್ಟು ನೋಡಿ. ನಾನು ಹೆಚ್ಚಿನ ಭರವಸೆ ಕೊಡಲ್ಲ." ಅವರು ದೀಪ ಆರಿಸಿದರು. "ಹಿಂದುಗಡೆ ನನಗೆ ಏನೂ ಕಾಣ್ತಿಲ್ಲ. ಅಲ್ಲಿ ಮತ್ತೆ ಏನಾದ್ರೂ ಶುರುವಾದ್ರೆ ಗೊತ್ತಾಗೋದು ತಡ ಆಗತ್ತೆ. ಅದೇ ನನ್ನ ಹೆದರಿಕೆ."

ಕಪಾಟಿನ ಮೇಲಿನ ಕಟ್ಟು ಕೆಳಗಿಳಿಯಿತು. ಈಗ ಪಟ್ಟಿ ಇಡುವವಳು ಹೆಂಡತಿಯೇ. ಒಂದು ಪಟ್ಟಿಯನ್ನು ಅಡ್ಡಲಾಗಿ ತೂರಿಸಲು ಒದ್ದಾಡಬೇಕು, ಎರಡನೆಯದಕ್ಕೆ ಇಬ್ಬರ ಮೈಯೂ ಬೆವರಬೇಕು. ಅಷ್ಟರ ಮೇಲೆ ಅದು ಜಗ್ಗದು. ಈಗ ರಕ್ತವಾದರೂ ಬರಲಿ ಎಂದು ಅವಳು ದೇವರನ್ನು ಬೇಡಿಕೊಂಡಳು. ರಕ್ತವೂ ಬರಲಿಲ್ಲ. ಅಷ್ಟು ಗಟ್ಟಿಯಾಗಿ ಮಾಯ್ದಿತ್ತು ಅದು.

ಅವನು ಅಂಗಡಿಗೆ ಮರಳಿದ. ಮಾತು ಪೂರ್ತಿ ನಿಂತಿರಲಿಲ್ಲ. ಹಲ್ಲುಗಳ ಸಂದಿಯಿಂದ ಚಪ್ಪಟೆಯಾಗಿ ಹೊರಬರುತ್ತಿತ್ತು, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಓದುವುದನ್ನು ಮಾತ್ರ ಬಿಟ್ಟಿದ್ದ. ನ್ಯಾಯಾಧೀಶರಿಗೂ ವಾದಿಗೂ ಈಗ ಒಂದೇ ದನಿ ಆಗುತ್ತಿತ್ತಲ್ಲ.

ಒಂದು ಬೆಳಿಗ್ಗೆ ಗುಮಾಸ್ತ ಸಂಪುಟ ಒಯ್ಯಲು ಬಂದ. ಗಂಡ ಪ್ರೆಸ್ಸಿನ ತಿರುಪು ಸಡಿಲಿಸಿ ಪುಸ್ತಕ ಹೊರತೆಗೆದು, ಬೆನ್ನು ಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿದ. ಪಳಗಿಸುವ ಕೆಲಸ. ಮುಂದಿನ ರಟ್ಟನ್ನು ಮೇಜಿಗೆ ಮಲಗಿಸಿದ, ಹಿಂದಿನದನ್ನು ಮಲಗಿಸಿದ. ಮುಂದಿನಿಂದ ಕೆಲವು ಹಾಳೆ ಇಳಿಸಿ ಬೆರಳಿನಿಂದ ಬೆನ್ನಿನುದ್ದಕ್ಕೂ ಮೆಲ್ಲಗೆ ಒತ್ತಿದ, ಹಿಂದಿನಿಂದ ಕೆಲವು ಇಳಿಸಿ ಒತ್ತಿದ. ಅಂಟಿನಲ್ಲಿ ಇನ್ನೂ ಒಂಚೂರು ಜೀವ ಇರುವಾಗಲೇ ಹೀಗೆ ಆ ಕಡೆ ಈ ಕಡೆ ಮಣಿಸುತ್ತ ಮಧ್ಯಕ್ಕೆ ಬರಬೇಕು. ಪ್ರೆಸ್ಸಿನಲ್ಲೇ ಮರೆತರೆ ಬೆನ್ನು ಮರಗಟ್ಟುತ್ತದೆ. ಆಮೇಲೆ ತೆರೆಯಲು ಹೋದರೆ ಮುರಿಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

ಮಧ್ಯಕ್ಕೆ ಬರುವ ಮೊದಲೇ ಅವನ ಕೈ ನಿಂತಿತು. ಹೆಂಡತಿ ಮೂಲೆಯಿಂದ ನೋಡುತ್ತಿದ್ದಳು. ಅವನು ಎಂದೂ ಹತ್ತಿರ ಬಿಟ್ಟುಕೊಳ್ಳದ ಆ ಕೆಲಸವನ್ನು ಅವಳು ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಡಾಕ್ಟರಮ್ಮ ಹೇಳಿದ್ದು ಇದನ್ನೇ. ದಾದಿ ಮರದ ಪಟ್ಟಿಗಳಿಂದ ತೋರಿಸಿದ್ದು ಇದನ್ನೇ.

"ನನಗೆ ಗೊತ್ತಿತ್ತು" ಎಂದ ಅವನು, ಹಲ್ಲುಗಳ ಹಿಂದಿನಿಂದ. "ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ."

"ನಾನಲ್ವಾ ಪಟ್ಟಿ ಎತ್ತಿಟ್ಟೋಳು?" ಎಂದಳು ಅವಳು.

ಗುಮಾಸ್ತ ತಲೆಬುಡ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದ. ಗಂಡ ಉಳಿದ ಹಾಳೆಗಳನ್ನು ಮಣಿಸಿ, ಪುಸ್ತಕ ಮುಚ್ಚಿ, ಕಾಗದ ಸುತ್ತಿ ಕೊಟ್ಟ. ಅದು ಎಲ್ಲಿ ಬೇಕಾದರೂ ಸಲೀಸಾಗಿ ತೆರೆಯುವಂತಿತ್ತು.

ಮುಂದಿನದು ಹೇಳಲು ಹೆಚ್ಚೇನೂ ಇಲ್ಲ. ಒಮ್ಮೆ ಮಧ್ಯಾಹ್ನದ ಜೊಂಪಿನಲ್ಲಿ ಅವಳು ಅವನೆದುರೇ ಬಾಯಿ ಪೂರ್ತಿ ತೆರೆದು ಆಕಳಿಸಿಬಿಟ್ಟಳು. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಅವನಿಗೂ ಬಂತು. ಕತ್ತಿನ ನರ ಉಬ್ಬಿತು, ದವಡೆ ನಡುಗಿತು, ಮೂಗಿನ ಹೊಳ್ಳೆ ಅಗಲವಾಯಿತು, ಕಣ್ಣಲ್ಲಿ ನೀರು ತುಂಬಿತು. ಹಲ್ಲುಗಳು ಬೇರೆಯಾಗಲಿಲ್ಲ. ಆಕಳಿಕೆ ಒಳಗೇ ಸುತ್ತಿ ಸುತ್ತಿ ಸತ್ತಿತು. ಅಂದಿನಿಂದ ಅವಳಿಗೆ ಆಕಳಿಕೆ ಬಂದರೆ ಎದ್ದು ಹೊರಗೆ ಹೋಗುವಳು.

ಆಮೇಲೆ ಅವನು ಆಗಾಗ ಕಿವಿಯ ಮುಂದೆ ಕೈಯಿಟ್ಟುಕೊಳ್ಳತೊಡಗಿದ. ಅವಳು ಕೇಳಿದರೆ, ಏನಿಲ್ಲ ಎಂದು ತಲೆಯಾಡಿಸುವನು. ಒಂದು ದಿನ ಊಟದ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಅವನು ಅಂಟಿನ ಕುಂಚ ಕೆಳಗಿಟ್ಟ.

"ಇಲ್ಲಿ ಒಳಗೆ ಚುಚ್ಚತ್ತೆ ಕಣೇ" ಎಂದ. "ತುಂಬ ಹಿಂದೆ. ಒಂಚೂರು ನೋಡು."

ಅವಳು ತಟ್ಟನೆ ಎದ್ದಳು. ಸೂಜಿ ಚುಚ್ಚಿಟ್ಟು, ಕೈ ತೊಳೆದು, ಟಾರ್ಚು ತಂದಳು, ಚಮಚ ತಂದಳು. ಅವನನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ ಕೂರಿಸಿ ತುಟಿಯ ಮೂಲೆ ಸರಿಸಿದಳು. ಮುಂಭಾಗದಲ್ಲಿ ಕೆನ್ನೆ ನುಣ್ಣಗೆ, ಗುಲಾಬಿ ಬಣ್ಣಕ್ಕೆ, ಎಂದಿನಂತೆ ಚೆನ್ನಾಗಿತ್ತು. ಅದರಾಚೆಗೆ ಚಮಚ ಹೋಗಲಿಲ್ಲ. ಅವಳು ಬೆಳಕನ್ನು ನೇರವಾಗಿ ಹಲ್ಲುಗಳ ಮೇಲೆ ಬಿಟ್ಟಳು. ಮೇಲಿನ ಸಾಲು, ಕೆಳಗಿನ ಸಾಲು, ನಡುವೆ ದಾರ ಹಾಯುವಷ್ಟು ಕತ್ತಲೆ. ಬಗ್ಗಿ ನೋಡಿದಳು, ಪಕ್ಕಕ್ಕೆ ವಾಲಿ ನೋಡಿದಳು.

"ಏನು ಕಾಣತ್ತೆ?" ಎಂದ ಅವನು.

"ಹಲ್ಲಷ್ಟೇ ಕಾಣತ್ತೆ ರೀ."

ಅವನು ತಲೆಯಾಡಿಸಿದ. ಬಾಯಿ ತೆರೆಯಲು ಇನ್ನೊಮ್ಮೆ ಪ್ರಯತ್ನಿಸಿದ, ಅವನ ದವಡೆಯ ನಡುಕ ಅವಳ ಕೈಗೆ ತಗುಲಿತು. ಅವಳು ಟಾರ್ಚನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.